ಸಂಶೋಧನಾ ಬರಹದಲ್ಲಿ ಆಕರ ನಮೂದಿಸುವುದು ಹೇಗೆ? ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಪ್ರಬಂಧ ಸಲ್ಲಿಸುವ ದಿನ ಹತ್ತಿರ ಬಂದ ಹಾಗೆ ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಇಸವಿ ಮೊದಲು ಬರಬೇಕಾ, ಪ್ರಕಾಶಕರು ಮೊದಲಾ? ಶಾಸನಕ್ಕೆ ಲೇಖಕರು ಅಂತ ಯಾರ ಹೆಸರು ಹಾಕೋದು? ಅಜ್ಜಿ ಹೇಳಿದ ಪದಕ್ಕೂ ಆಕರ ಕೊಡಬೇಕಾ? ದಾವಣಗೆರೆ ವಿಶ್ವವಿದ್ಯಾನಿಲಯದ ತೋಳಹುಣಸೆಯ ಆವರಣ ಶಿವಗಂಗೋತ್ರಿಯಲ್ಲಿ ಓದುವವರು ಕೇಳುತ್ತಾರೆ, ಅದರ ಚಿತ್ರದುರ್ಗದ ಕೇಂದ್ರ ಜ್ಞಾನಗಂಗೋತ್ರಿಯವರು ಕೇಳುತ್ತಾರೆ, ಪದವಿ ಕಾಲೇಜಿನಲ್ಲಿ ಮೊದಲ ಸಲ ಪ್ರಾಜೆಕ್ಟ್ ಬರೆಯುವವರೂ ಕೇಳುತ್ತಾರೆ. ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲು ಒಂದು ಮಾತು. ಆಕರ ಕೊಡುವುದೆಂದರೆ ವಿಳಾಸ ಕೊಟ್ಟ ಹಾಗೆ. ನಿಮ್ಮ ಪ್ರಬಂಧ ಓದುವವರು ನೀವು ನೋಡಿದ ಅದೇ ಪುಸ್ತಕದ ಅದೇ ಪುಟಕ್ಕೆ ಯಾರನ್ನೂ ಕೇಳದೆ ಹೋಗಿ ಮುಟ್ಟಬೇಕು. ಅಲ್ಪವಿರಾಮ, ಪೂರ್ಣವಿರಾಮ, ಆವರಣ ಎಲ್ಲ ಆಮೇಲಿನ ಮಾತು. ಯಾವುದಾದರೂ ನಿಯಮದಲ್ಲಿ ಗೊಂದಲವಾದರೆ ನಿಮ್ಮನ್ನೇ ಕೇಳಿಕೊಳ್ಳಿ: ನಾನು ಕೊಟ್ಟಿರುವ ವಿವರ ಹಿಡಿದು ಇನ್ನೊಬ್ಬರು ಅಲ್ಲಿಗೆ ತಲುಪುತ್ತಾರಾ? ಹೌದು ಅನ್ನಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಆಕರ ನಮೂದಿಗೆ ಎರಡು ಭಾಗ. ಒಂದು, ಬರಹದ ನಡುವೆ ಬರುವ ಚಿಕ್ಕ ಗುರುತು. ಇನ್ನೊಂದು, ಕೊನೆಯಲ್ಲಿ ಬರುವ ಪೂರ್ತಿ ವಿವರದ ಪಟ್ಟಿ. ಪಟ್ಟಿಯನ್ನು ಪರಾಮರ್ಶನ ಗ್ರಂಥಗಳು, ಗ್ರಂಥಋಣ, ಆಕರಸೂಚಿ ಎಂದೆಲ್ಲ ಕರೆಯುತ್ತಾರೆ. ಎರಡೂ ಬೇಕು. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಉಪಯೋಗವಿಲ್ಲ.

ಹಂತ 1: ಶೈಲಿ ಯಾವುದೆಂದು ಕೇಳಿ ತಿಳಿಯಿರಿ

ಇಲ್ಲಿ ಶೈಲಿ ಎಂದರೆ ಆಕರ ಬರೆಯುವ ಒಂದು ನಿಗದಿತ ಕ್ರಮ. ಮನೋವಿಜ್ಞಾನ, ಶಿಕ್ಷಣ, ಸಮಾಜ ವಿಜ್ಞಾನದ ಕಡೆ ಎಪಿಎ ಶೈಲಿ ಜಾಸ್ತಿ. ಇದು ಅಮೆರಿಕದ ಮನೋವಿಜ್ಞಾನ ಸಂಘದ ಕ್ರಮ. ಏಳನೇ ಆವೃತ್ತಿ 2019ರಲ್ಲಿ ಬಂತು. ಭಾಷೆ, ಸಾಹಿತ್ಯದವರು ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನ ಎಂಎಲ್‌ಎ ಶೈಲಿ ಬಳಸುತ್ತಾರೆ. ಅದರ ಒಂಬತ್ತನೇ ಆವೃತ್ತಿ 2021ರದ್ದು. ಇತಿಹಾಸದವರಿಗೆ ಅಡಿಟಿಪ್ಪಣಿ ಇರುವ ಶಿಕಾಗೊ ಶೈಲಿ ಹತ್ತಿರದ್ದು. ಇವಲ್ಲದೆ ನಮ್ಮ ಕನ್ನಡ ವಿಭಾಗಗಳಲ್ಲಿ ಹಿಂದಿನಿಂದ ನಡೆದುಬಂದ ಕ್ರಮವೂ ಒಂದಿದೆ.

ನಿಮ್ಮ ಮಾರ್ಗದರ್ಶಕರನ್ನು ಕೇಳಿ. ವಿಭಾಗದಲ್ಲಿ ಇತ್ತೀಚೆಗೆ ಅಂಗೀಕಾರವಾದ ಒಂದು ಪ್ರಬಂಧವನ್ನು ಗ್ರಂಥಾಲಯದಲ್ಲಿ ತೆಗೆದು ಅದರ ಕೊನೆಯ ಪಟ್ಟಿಯನ್ನೂ ನೋಡಿ. ಯಾವುದೇ ಶೈಲಿ ಆಗಲಿ, ಹಿಡಿದ ಮೇಲೆ ಬಿಡಬೇಡಿ. ಮೊದಲ ಅಧ್ಯಾಯ ಒಂದು ಕ್ರಮ, ಮೂರನೇ ಅಧ್ಯಾಯ ಇನ್ನೊಂದು ಕ್ರಮ ಆದರೆ ಪರೀಕ್ಷಕರ ಕಣ್ಣಿಗೆ ಮೊದಲು ಬೀಳುವುದು ಅದೇ.

ಹಂತ 2: ಓದುವಾಗಲೇ ಬರೆದಿಟ್ಟುಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಜನ ಎಡವುವ ಜಾಗ ಇದು. ಪುಸ್ತಕದ ಒಂದು ಅಧ್ಯಾಯ ಮಾತ್ರ ಜೆರಾಕ್ಸ್ ಮಾಡಿಸಿಕೊಂಡು ಬರುತ್ತೇವೆ. ಆರು ತಿಂಗಳ ಮೇಲೆ ಆ ಹಾಳೆ ಕೈಯಲ್ಲಿರುತ್ತದೆ, ಯಾವ ಪುಸ್ತಕದ್ದು ಅನ್ನುವುದು ಗೊತ್ತಿರುವುದಿಲ್ಲ. ಆದ್ದರಿಂದ ಜೆರಾಕ್ಸ್ ಮಾಡಿಸುವಾಗ ಇನ್ನೆರಡು ಪುಟ ಸೇರಿಸಿ: ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿ. ಪ್ರಕಾಶಕರು, ಊರು, ಮುದ್ರಣದ ವರ್ಷ, ಆವೃತ್ತಿ ಎಲ್ಲ ಸಾಮಾನ್ಯವಾಗಿ ಆ ಹಿಂಬದಿಯಲ್ಲೇ ಇರುತ್ತವೆ. ಮೊಬೈಲ್‌ನಲ್ಲಿ ಫೋಟೊ ತೆಗೆದರೂ ಆಯಿತು. ಹೊದಿಕೆಯ ಫೋಟೊ ಮಾತ್ರ ಸಾಲದು. ಹೊದಿಕೆಯ ಮೇಲಿನ ಹೆಸರು ಕೆಲವೊಮ್ಮೆ ಮೊಟಕಾಗಿರುತ್ತದೆ.

ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಟಿಪ್ಪಣಿಯ ಪಕ್ಕ ಪುಟ ಸಂಖ್ಯೆ ಬರೆಯಿರಿ. ಪುಸ್ತಕದ ಮಾತನ್ನು ಇದ್ದ ಹಾಗೇ ಇಳಿಸಿಕೊಂಡಿದ್ದರೆ ಉದ್ಧರಣ ಚಿಹ್ನೆ ಹಾಕಿ. ನಿಮ್ಮ ಮಾತಿನಲ್ಲಿ ಬರೆದುಕೊಂಡಿದ್ದರೆ ಪಕ್ಕದಲ್ಲಿ 'ನನ್ನ ಮಾತು' ಎಂದು ಗುರುತು ಮಾಡಿ. ಈ ಸಣ್ಣ ಅಭ್ಯಾಸ ಇಲ್ಲದೆ ಹೋದರೆ, ಬರೆಯುವ ಹೊತ್ತಿಗೆ ಯಾವುದು ಯಾರದ್ದು ಅಂತ ನಿಮಗೇ ತಿಳಿಯುವುದಿಲ್ಲ. ಕೃತಿಚೌರ್ಯದ ಆಪಾದನೆ ಬಂದ ಎಷ್ಟೋ ಕಡೆ ಕಳ್ಳತನದ ಮನಸ್ಸು ಇರುವುದಿಲ್ಲ, ಟಿಪ್ಪಣಿ ಅಸ್ತವ್ಯಸ್ತವಾಗಿರುತ್ತದೆ ಅಷ್ಟೇ. ಆದರೆ ತಪಾಸಣೆಯ ತಂತ್ರಾಂಶಕ್ಕೆ ಮನಸ್ಸು ಕಾಣುವುದಿಲ್ಲ.

ಆವೃತ್ತಿ ಮತ್ತು ಮುದ್ರಣದ ವ್ಯತ್ಯಾಸವನ್ನೂ ಗಮನಿಸಿ. ಪುಸ್ತಕವನ್ನು ತಿದ್ದಿ, ಸೇರಿಸಿ ಮತ್ತೆ ತಂದರೆ ಅದು ಹೊಸ ಆವೃತ್ತಿ. ಏನೂ ಬದಲಿಸದೆ ಮತ್ತೆ ಅಚ್ಚು ಹಾಕಿದರೆ ಮರುಮುದ್ರಣ. ನಿಮ್ಮ ಕೈಯಲ್ಲಿರುವ ಪ್ರತಿಯ ವಿವರವನ್ನೇ ಕೊಡಿ, ಯಾಕೆಂದರೆ ಪುಟ ಸಂಖ್ಯೆ ಆ ಪ್ರತಿಯದ್ದು. ಮೊದಲು ಬಂದ ವರ್ಷ ಮುಖ್ಯ ಅನ್ನಿಸಿದರೆ ಆವರಣದಲ್ಲಿ 'ಮೊದಲ ಮುದ್ರಣ ಇಂಥ ವರ್ಷ' ಎಂದು ಸೇರಿಸಿ. ಹಳೆಯ ಪುಸ್ತಕಗಳಲ್ಲಿ ವರ್ಷವೇ ಇಲ್ಲದಿರಬಹುದು. ಆಗ ಊಹಿಸಿ ಬರೆಯಬೇಡಿ; 'ವರ್ಷ ನಮೂದಾಗಿಲ್ಲ' ಎಂದು ಹಾಕಿ.

ಹಂತ 3: ಯಾವುದಕ್ಕೆ ಆಕರ ಬೇಕು, ಯಾವುದಕ್ಕೆ ಬೇಡ

ದಾವಣಗೆರೆ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಇದಕ್ಕೆ ಆಕರ ಬೇಕಿಲ್ಲ. ಆದರೆ 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 19,45,497 ಎಂದು ಬರೆದರೆ ಆಕರ ಬೇಕೇ ಬೇಕು. ಅಂಕಿ ಸಂಖ್ಯೆ, ಒಬ್ಬರ ಅಭಿಪ್ರಾಯ, ಒಬ್ಬರು ಕಂಡುಕೊಂಡ ಹೊಸ ವಿಷಯ, ನಕ್ಷೆ, ಕೋಷ್ಟಕ, ಫೋಟೊ, ಇದ್ದ ಹಾಗೇ ತೆಗೆದುಕೊಂಡ ಮಾತು: ಇವಕ್ಕೆಲ್ಲ ಬೇಕು.

ಬಹಳ ಜನ ತಪ್ಪು ತಿಳಿದಿರುವ ವಿಷಯ ಇಲ್ಲೊಂದಿದೆ. "ನಾನು ವಾಕ್ಯ ಬದಲಾಯಿಸಿದ್ದೇನಲ್ಲ, ಇನ್ಯಾಕೆ ಆಕರ?" ಎನ್ನುತ್ತಾರೆ. ವಾಕ್ಯ ನಿಮ್ಮದು, ವಿಚಾರ ಅವರದ್ದೇ ಅಲ್ವಾ? ಆಕರ ಕೊಡಲೇಬೇಕು. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ಅನುವಾದಿಸಿ ಬಳಸಿದರೂ ಅಷ್ಟೇ. ಅನುವಾದ ನಿಮ್ಮದೇ ಆದರೆ ಅದನ್ನೂ ಹೇಳಿ.

ಒಂದು ಪ್ಯಾರಾ ಪೂರ್ತಿ ಒಬ್ಬರ ವಿಚಾರವೇ ಆಗಿದ್ದರೆ ಕೊನೆಯಲ್ಲಿ ಒಂದು ಗುರುತು ಹಾಕಿ ಸುಮ್ಮನಾಗಬೇಡಿ. ಆರಂಭದಲ್ಲೇ 'ಇಂಥವರು ಹೇಳುವ ಪ್ರಕಾರ' ಎಂದು ಹೆಸರು ತನ್ನಿ. ಎಲ್ಲಿಂದ ಎಲ್ಲಿಯವರೆಗೆ ಅವರ ಮಾತು, ಎಲ್ಲಿಂದ ನಿಮ್ಮ ಮಾತು ಅನ್ನುವುದು ಆಗ ಸ್ಪಷ್ಟವಾಗುತ್ತದೆ.

ಹಂತ 4: ಬರಹದೊಳಗಿನ ಗುರುತು

ಎಪಿಎ ಶೈಲಿಯಲ್ಲಿ ಲೇಖಕರು ಮತ್ತು ವರ್ಷ ಆವರಣದಲ್ಲಿ ಬರುತ್ತವೆ: (ಚಿದಾನಂದಮೂರ್ತಿ, 1966). ಮಾತನ್ನು ಇದ್ದ ಹಾಗೇ ಎತ್ತಿಕೊಂಡಿದ್ದರೆ ಪುಟವೂ ಬೇಕು: (ಚಿದಾನಂದಮೂರ್ತಿ, 1966, ಪು. 45). ಎಂಎಲ್‌ಎಯಲ್ಲಿ ವರ್ಷವಿಲ್ಲ, ಹೆಸರು ಮತ್ತು ಪುಟ ಮಾತ್ರ: (ಚಿದಾನಂದಮೂರ್ತಿ 45). ಇಲ್ಲಿರುವ ಪುಟ ಸಂಖ್ಯೆ ಮಾದರಿಗೆ ಹಾಕಿದ್ದು ಅಷ್ಟೇ. ಮೂರು ಅಥವಾ ಹೆಚ್ಚು ಲೇಖಕರಿದ್ದರೆ ಎರಡೂ ಶೈಲಿಗಳಲ್ಲಿ ಮೊದಲನೆಯವರ ಹೆಸರು ಬರೆದು 'ಮತ್ತು ಇತರರು' ಎನ್ನಬಹುದು.

ಕನ್ನಡ ಮತ್ತು ಇತಿಹಾಸ ವಿಭಾಗಗಳಲ್ಲಿ ಅಡಿಟಿಪ್ಪಣಿ ಅಥವಾ ಅಧ್ಯಾಯದ ಕೊನೆಯ ಟಿಪ್ಪಣಿ ರೂಢಿ. ಮೊದಲ ಸಲ ಪೂರ್ತಿ ವಿವರ, ಆಮೇಲೆ ಚಿಕ್ಕದಾಗಿ. ಹಿಂದಿನ ಟಿಪ್ಪಣಿಯ ಪುಸ್ತಕವೇ ಮತ್ತೆ ಬಂದರೆ 'ಅದೇ, ಪು. 52' ಎನ್ನುತ್ತಾರೆ. ನಡುವೆ ಬೇರೆ ಆಕರ ಬಂದಿದ್ದರೆ 'ಪೂರ್ವೋಕ್ತ', ಅಂದರೆ ಮೊದಲು ಹೇಳಿದ್ದು ಎಂದು ಬರೆಯುವುದು ರೂಢಿ. ನನ್ನ ಸಲಹೆ ಕೇಳಿದರೆ ಕರಡು ಪ್ರತಿಯಲ್ಲಿ ಈ ಎರಡು ಪದಗಳನ್ನು ಬಳಸಲೇಬೇಡಿ. ಒಂದು ಪ್ಯಾರಾವನ್ನು ಮೇಲಿನಿಂದ ಕೆಳಗೆ ಸರಿಸಿದರೆ ಸಾಕು, 'ಅದೇ' ಬೇರೆ ಯಾವುದೋ ಪುಸ್ತಕಕ್ಕೆ ಅಂಟಿಕೊಳ್ಳುತ್ತದೆ. ಕರಡಿನ ಉದ್ದಕ್ಕೂ ಲೇಖಕರ ಹೆಸರು, ಪುಸ್ತಕದ ಮೊಟಕು ಹೆಸರು, ಪುಟ ಬರೆಯಿರಿ. ವಿಭಾಗಕ್ಕೆ 'ಅದೇ' ಬೇಕೇ ಬೇಕೆಂದರೆ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಬದಲಿಸಿ.

ಉದ್ದದ ಉದ್ಧರಣವನ್ನು ಬೇರೆ ಪ್ಯಾರಾ ಮಾಡಿ ಎಡಕ್ಕೆ ಸ್ವಲ್ಪ ಜಾಗ ಬಿಟ್ಟು ಕೊಡಬೇಕು. ಎಪಿಎ ಪ್ರಕಾರ 40 ಪದ ಅಥವಾ ಹೆಚ್ಚಿದ್ದರೆ ಹೀಗೆ ಮಾಡಬೇಕು. ಎಂಎಲ್‌ಎಯಲ್ಲಿ ಗದ್ಯ ನಾಲ್ಕು ಸಾಲು ಮೀರಿದರೆ, ಪದ್ಯ ಮೂರು ಸಾಲು ಮೀರಿದರೆ. ಆಗ ಉದ್ಧರಣ ಚಿಹ್ನೆ ಬೇಡ.

ಹಂತ 5: ಕೊನೆಯ ಪಟ್ಟಿ

ಒಂದೇ ಪುಸ್ತಕ ಮೂರು ಕ್ರಮದಲ್ಲಿ ಹೇಗೆ ಕಾಣುತ್ತದೆ ನೋಡಿ.

ಎಪಿಎ: ಚಿದಾನಂದಮೂರ್ತಿ, ಎಂ. (1966). ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ. ಪ್ರಸಾರಾಂಗ, ಮೈಸೂರು ವಿಶ್ವವಿದ್ಯಾನಿಲಯ.

ಎಂಎಲ್‌ಎ: ಚಿದಾನಂದಮೂರ್ತಿ, ಎಂ. ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ. ಪ್ರಸಾರಾಂಗ, ಮೈಸೂರು ವಿಶ್ವವಿದ್ಯಾನಿಲಯ, 1966.

ಕನ್ನಡದ ರೂಢಿ: ಚಿದಾನಂದಮೂರ್ತಿ ಎಂ., ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ, ಪ್ರಸಾರಾಂಗ, ಮೈಸೂರು ವಿಶ್ವವಿದ್ಯಾನಿಲಯ, ಮೈಸೂರು, 1966.

ಎಪಿಎ ಏಳನೇ ಆವೃತ್ತಿಯಲ್ಲಿ ಪ್ರಕಾಶನದ ಊರು ಬೇಡ. ಕನ್ನಡದ ಕ್ರಮದಲ್ಲಿ ಊರು ಬೇಕು. ಇದನ್ನು ಬೆರೆಸುವವರು ಬಹಳ.

ನಿಯತಕಾಲಿಕದ ಲೇಖನವಾದರೆ ಲೇಖನದ ಹೆಸರು, ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಲೇಖನ ಯಾವ ಪುಟದಿಂದ ಯಾವ ಪುಟದವರೆಗೆ ಇದೆ ಎಂಬುದು ಬೇಕು. ಡಿಒಐ ಇದ್ದರೆ ಅದನ್ನೂ ಕೊಡಿ. ಅದು ಅಂತರ್ಜಾಲದಲ್ಲಿ ಒಂದು ಲೇಖನಕ್ಕೆ ಕೊಡುವ ಶಾಶ್ವತ ಗುರುತು ಸಂಖ್ಯೆ. ಸಂಪಾದಿತ ಪುಸ್ತಕದ ಒಂದು ಲೇಖನ ಬಳಸಿದರೆ ಲೇಖನ ಬರೆದವರ ಹೆಸರು ಮೊದಲು, 'ಸಂ.' ಎಂದು ಸಂಪಾದಕರ ಹೆಸರು ಆಮೇಲೆ. ಸಂಪಾದಕರನ್ನೇ ಲೇಖಕರನ್ನಾಗಿ ಮಾಡುವುದು ತುಂಬಾ ಸಾಮಾನ್ಯವಾದ ತಪ್ಪು. ದಿನಪತ್ರಿಕೆಗೆ ತಾರೀಖು ಮತ್ತು ಪುಟದ ಜೊತೆ ಯಾವ ಊರಿನ ಆವೃತ್ತಿ ಎಂಬುದನ್ನೂ ಬರೆಯಿರಿ. ದಾವಣಗೆರೆ ಆವೃತ್ತಿಯಲ್ಲಿ ಬಂದ ಸುದ್ದಿ ಬೆಂಗಳೂರಿನ ಆವೃತ್ತಿಯಲ್ಲಿ ಇರಲೇಬೇಕೆಂದಿಲ್ಲ.

ಪ್ರಬಂಧಗಳ ಜಾಲಸಂಗ್ರಹ ಶೋಧಗಂಗಾದಲ್ಲಿ ಸಿಕ್ಕ ಪಿಎಚ್‌ಡಿ ಪ್ರಬಂಧವನ್ನು ಪ್ರಬಂಧ ಎಂದೇ ತೋರಿಸಿ: ಬರೆದವರು, ಶೀರ್ಷಿಕೆ, 'ಅಪ್ರಕಟಿತ ಪಿಎಚ್‌ಡಿ ಪ್ರಬಂಧ', ವಿಶ್ವವಿದ್ಯಾಲಯ, ಪದವಿ ಪಡೆದ ವರ್ಷ, ಕೊನೆಗೆ ಕೊಂಡಿ. ಜಾಲತಾಣಕ್ಕೆ ಏರಿಸಿದ ತಾರೀಖನ್ನು ಪ್ರಬಂಧದ ವರ್ಷ ಅಂದುಕೊಳ್ಳಬೇಡಿ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ವಿಷಯದಲ್ಲೂ ಎಚ್ಚರ ಬೇಕು. ಡಿಜಿಟಲ್ ಸಂಗ್ರಹಗಳಲ್ಲಿ ಪಕ್ಕಕ್ಕೆ ಬರೆದಿರುವ ವಿವರದಲ್ಲಿ ವರ್ಷ, ಲೇಖಕರ ಹೆಸರು ಎಷ್ಟೋ ಸಲ ತಪ್ಪಾಗಿರುತ್ತವೆ. ಕಡತ ತೆರೆದು ಶೀರ್ಷಿಕೆ ಪುಟವನ್ನು ನೋಡಿ ಬರೆಯಿರಿ.

ಪಟ್ಟಿ ಅಕಾರಾದಿಯಲ್ಲಿರಲಿ. ಇಂಗ್ಲಿಷ್ ಪುಸ್ತಕಗಳನ್ನು ಇಂಗ್ಲಿಷ್ ಲಿಪಿಯಲ್ಲೇ ಬೇರೆ ಪಟ್ಟಿ ಮಾಡಿ. ಶೀರ್ಷಿಕೆಯಲ್ಲಿ ನಮ್ಮ ಊರಿನ ಹೆಸರು ಹಳೆಯ ರೂಪದಲ್ಲಿ ಚಿತಲ್‌ಡ್ರೂಗ್, ಚಿತಲ್‌ಡ್ರುಗ್ ಎಂದಿದ್ದರೆ ಅದನ್ನು ಹಾಗೇ ಬಿಡಿ. ಚಿತ್ರದುರ್ಗ ಎಂದು ತಿದ್ದಿದರೆ ಗ್ರಂಥಾಲಯದ ಸೂಚಿಯಲ್ಲಿ ಹುಡುಕುವವರಿಗೆ ಆ ಪುಸ್ತಕ ಸಿಗುವುದಿಲ್ಲ. ಇಂಗ್ಲಿಷ್ ಶೈಲಿಗಳಲ್ಲಿ ಪುಸ್ತಕದ ಹೆಸರಿಗೆ ಓರೆ ಅಕ್ಷರ ಹೇಳುತ್ತಾರೆ. ಕನ್ನಡ ಲಿಪಿಯಲ್ಲಿ ಓರೆ ಅಕ್ಷರ ಓದಲು ಕಷ್ಟ. ವಿಭಾಗ ಒಪ್ಪಿದರೆ ದಪ್ಪ ಅಕ್ಷರ ಬಳಸಿ.

ಹಂತ 6: ನಮ್ಮ ಹೆಸರುಗಳ ವಿಚಾರ

ಈ ಶೈಲಿಗಳೆಲ್ಲ ಹುಟ್ಟಿದ್ದು ಕುಟುಂಬದ ಹೆಸರು ಕೊನೆಯಲ್ಲಿ ಬರುವ ದೇಶದಲ್ಲಿ. ನಮ್ಮಲ್ಲಿ ಹಾಗಿಲ್ಲ. ಮುಂದಿರುವ ಅಕ್ಷರಗಳು ಊರಿನವು, ತಂದೆಯ ಹೆಸರಿನವು. ಕೊನೆಯಲ್ಲಿರುವುದು ಆ ವ್ಯಕ್ತಿಯ ಸ್ವಂತ ಹೆಸರು. ಆದ್ದರಿಂದ 'ಎಂ. ಚಿದಾನಂದಮೂರ್ತಿ' ಎಂಬಲ್ಲಿ ಚಿದಾನಂದಮೂರ್ತಿ ಮೊದಲು, ಎಂ. ಆಮೇಲೆ. ಇಷ್ಟು ಸುಲಭ.

ಕಷ್ಟ ಬರುವುದು ಇನಿಷಿಯಲ್ ಹಿಂದಿದ್ದಾಗ, ಹೆಸರು ಎರಡು ಪದವಾದಾಗ. ಹೆಸರಿನ ಕೊನೆಯಲ್ಲಿ 'ಜಿ. ಎಸ್.' ಎಂದಿದ್ದರೆ ಆಕರಪಟ್ಟಿ ಮಾಡುವ ತಂತ್ರಾಂಶ ಅದನ್ನೇ ಕುಟುಂಬದ ಹೆಸರು ಎಂದು ತಿಳಿದು ಪಟ್ಟಿಯಲ್ಲಿ ಜಕಾರದ ಕೆಳಗೆ ಕೂರಿಸಿಬಿಡುತ್ತದೆ. ಕೈಯಿಂದ ಸರಿಮಾಡಬೇಕು. ಗೌಡ, ಶೆಟ್ಟಿ, ಅಯ್ಯಂಗಾರ್, ರೆಡ್ಡಿ ಬಿಡಿಸಿ ಬರೆದಿದ್ದರೆ ಅದನ್ನು ಮುಂದಕ್ಕೆ ತರಬೇಕಾ, ಪೂರ್ತಿ ಹೆಸರು ಇರಬೇಕಾ ಎಂಬುದನ್ನು ಮೊದಲೇ ತೀರ್ಮಾನ ಮಾಡಿ ಎಲ್ಲರಿಗೂ ಹಾಗೇ ಮಾಡಿ. ಕನ್ನಡ ಪ್ರಬಂಧದಲ್ಲಿ ಹೆಸರನ್ನು ತಿರುಗಿಸದೆ ಪೂರ್ತಿಯಾಗಿ ಬರೆಯುವುದೇ ಹೆಚ್ಚು ಗೌರವ ಎಂದು ನನ್ನ ಅನಿಸಿಕೆ. ಶೈಲಿ ಬೇರೆ ಹೇಳಿದರೆ ಶೈಲಿಯ ಮಾತೇ ಮೇಲು.

ಕಾವ್ಯನಾಮದಲ್ಲಿ ಪ್ರಕಟವಾಗಿದ್ದರೆ ಕಾವ್ಯನಾಮವೇ ಇರಲಿ. ಕುವೆಂಪು ಅವರ ಪುಸ್ತಕವನ್ನು ಪುಟ್ಟಪ್ಪ ಎಂದು ಹಾಕಿದರೆ ಹುಡುಕುವವರು ದಾರಿ ತಪ್ಪುತ್ತಾರೆ. ಡಾ., ಪ್ರೊ., ಶ್ರೀಮತಿ, ಪೂಜ್ಯ ಇವೆಲ್ಲ ಪಟ್ಟಿಯಲ್ಲಿ ಬೇಡ. ಅದರಿಂದ ಅಗೌರವ ಆಗುವುದಿಲ್ಲ. 'ಡಾ.' ಎಂದು ಬರೆದು ಕಂಪ್ಯೂಟರಿಗೆ ವಿಂಗಡಿಸಲು ಹೇಳಿದರೆ ಅರ್ಧ ಪಟ್ಟಿ ಡಕಾರದಲ್ಲೇ ಬಂದು ಕೂರುತ್ತದೆ.

ಹಂತ 7: ಶಾಸನ, ವಚನ, ಬಾಯಿಮಾತು

ಇಂಗ್ಲಿಷ್ ಕೈಪಿಡಿಗಳಲ್ಲಿ ಉತ್ತರ ಸಿಗದ ಭಾಗ ಇದು. ನಮ್ಮ ಎರಡು ಜಿಲ್ಲೆಗಳ ಮೇಲೆ ಕೆಲಸ ಮಾಡುವವರಿಗೆ ಬೇಕಾಗಿರುವುದೂ ಇದೇ. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಶಾಸನಗಳು: ಹಳೆಯ ಚಿತ್ರದುರ್ಗ ಜಿಲ್ಲೆಯ ಶಾಸನಗಳು ಬಿ. ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ 11ನೇ ಸಂಪುಟದಲ್ಲಿವೆ. ಅಲ್ಲಿ ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ. ದಾವಣಗೆರೆ, ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಹೀಗೆ ಪ್ರತಿ ತಾಲ್ಲೂಕಿಗೂ ಒಂದು ಸಂಕೇತಾಕ್ಷರ, ಅದರ ಮುಂದೆ ಸಂಖ್ಯೆ. ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ, ಊರು, ಕಾಲ, ಬೇಕಾದರೆ ಸಾಲು ಈ ಕ್ರಮದಲ್ಲಿ ಬರಲಿ. ಪುಟ ಸಂಖ್ಯೆ ಮಾತ್ರ ಕೊಟ್ಟರೆ ಸಾಲದು. ಆ ಸಂಪುಟದಲ್ಲಿ ಮೂಲಪಾಠ ಒಂದು ಕಡೆ, ಲಿಪ್ಯಂತರ ಇನ್ನೊಂದು ಕಡೆ, ಅನುವಾದ ಮತ್ತೊಂದು ಕಡೆ ಇದೆ. ಸಂಖ್ಯೆ ಇದ್ದರೆ ಮೂರನ್ನೂ ಹುಡುಕಬಹುದು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಜೋಡಣೆ ಬದಲಾಗಿದೆ. ಹಳೆಯ 11 ಅಂದರೆ ಹೊಸ 11 ಅಲ್ಲ. ಯಾವ ಆವೃತ್ತಿ ಎಂದು ಬರೆಯುವುದನ್ನು ಮರೆಯಬೇಡಿ.

ಇನ್ನು ಲೇಖಕರ ಪ್ರಶ್ನೆ. ಬ್ರಹ್ಮಗಿರಿಯ ಶಾಸನ ಅಶೋಕನದ್ದು. ಅದನ್ನು 1892ರಲ್ಲಿ ಬೆಳಕಿಗೆ ತಂದವರು ರೈಸ್. ಪಟ್ಟಿಯಲ್ಲಿ ಅಶೋಕನನ್ನು ಲೇಖಕನಾಗಿ ಹಾಕಬೇಡಿ. ನೀವು ಓದಿದ್ದು ಯಾವ ಪುಸ್ತಕದಲ್ಲೋ ಅದರ ಸಂಪಾದಕರ ಹೆಸರು ಬರಬೇಕು. ಚಂದ್ರವಳ್ಳಿಯ ಮಯೂರಶರ್ಮನ ಶಾಸನದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಎಂ. ಎಚ್. ಕೃಷ್ಣ ಅದನ್ನು ಓದಿ ಮೈಸೂರು ಪುರಾತತ್ವ ಇಲಾಖೆಯ 1929ರ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದರು. ಆಮೇಲೆ ಬಂದ ವಿದ್ವಾಂಸರು ಆ ಓದನ್ನು ಎಲ್ಲ ಕಡೆ ಒಪ್ಪಿಲ್ಲ. ಶಾಸನ ಒಂದೇ, ಪಾಠ ಬೇರೆ ಬೇರೆ. 'ಚಂದ್ರವಳ್ಳಿ ಶಾಸನದಲ್ಲಿ ಹೀಗಿದೆ' ಎಂದು ಬರೆದು ಬಿಟ್ಟರೆ ಯಾರ ಪಾಠವನ್ನು ನಂಬಿ ಹೇಳುತ್ತಿದ್ದೀರಿ ಎಂದು ತಿಳಿಯುವುದಿಲ್ಲ. ಇಲಾಖೆಯ ವರದಿಗಳಲ್ಲಿ ವರದಿಯ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ ಇರುವುದನ್ನೂ ನೋಡಿಕೊಳ್ಳಿ.

ಉತ್ಖನನದ ವರ್ಷ ಮತ್ತು ಪ್ರಕಟಣೆಯ ವರ್ಷ ಬೆರೆಯುವುದೂ ಹೀಗೇ. ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದ್ದು 1947ರಲ್ಲಿ. ವರದಿ ಬಂದದ್ದು 'ಏನ್ಶಿಯಂಟ್ ಇಂಡಿಯಾ' ಪತ್ರಿಕೆಯ ನಾಲ್ಕನೇ ಸಂಚಿಕೆಯಲ್ಲಿ. ಆ ಸಂಚಿಕೆಯ ಮೇಲಿರುವುದು 1947–48. ಆವರಣದಲ್ಲಿ ಬರಬೇಕಾದದ್ದು ಪ್ರಕಟಣೆಯ ವರ್ಷ.

ವಚನಗಳು: ವಚನದ ಮೊದಲ ಸಾಲು ಬರೆದು 'ಬಸವಣ್ಣ' ಎಂದು ನಿಲ್ಲಿಸಿದರೆ ಅದು ಆಕರವಲ್ಲ. ಸಮಗ್ರ ವಚನ ಸಂಪುಟ ಸರ್ಕಾರದಿಂದ 15 ಸಂಪುಟಗಳಲ್ಲಿ ಬಂದಿದೆ. ಅಲ್ಲಿ ಪ್ರತಿ ವಚನಕ್ಕೂ ಸಂಖ್ಯೆ ಇದೆ. ಸಂಪುಟದ ಸಂಖ್ಯೆ, ವಚನದ ಸಂಖ್ಯೆ, ಸಂಪಾದಕರು, ಆವೃತ್ತಿಯ ವರ್ಷ ಕೊಡಿ. ಬೇರೆ ಪ್ರಕಾಶಕರ ಪುಸ್ತಕದಲ್ಲಿ ಅದೇ ವಚನಕ್ಕೆ ಬೇರೆ ಸಂಖ್ಯೆ ಇರಬಹುದು, ಪಾಠವೂ ಬೇರೆ ಇರಬಹುದು. ವಾಟ್ಸಾಪ್‌ನಲ್ಲಿ ಬಂದ ವಚನವನ್ನು ಸಂಪುಟದಲ್ಲಿ ನೋಡದೆ ಪ್ರಬಂಧಕ್ಕೆ ಹಾಕಲೇಬೇಡಿ. ಅಂಕಿತ ಬದಲಾದ, ಸಾಲು ಸೇರಿಸಿದ ವಚನಗಳು ಅಲ್ಲಿ ಓಡಾಡುತ್ತಿರುತ್ತವೆ. ಹಳಗನ್ನಡ ಕಾವ್ಯಕ್ಕೆ ಆಶ್ವಾಸ (ಕಾವ್ಯದ ಅಧ್ಯಾಯ) ಮತ್ತು ಪದ್ಯದ ಸಂಖ್ಯೆ, ನಡುಗನ್ನಡ ಕಾವ್ಯಕ್ಕೆ ಸಂಧಿ (ಇದೂ ಅಧ್ಯಾಯವೇ) ಮತ್ತು ಪದ್ಯದ ಸಂಖ್ಯೆ ಕೊಡುವುದು ರೂಢಿ.

ಬಾಯಿಮಾತು: ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಯಲ್ಲಿ ಹಾಡಿಸಿಕೊಂಡ ಜುಂಜಪ್ಪನ ಪದ ಇರಬಹುದು, ದಾವಣಗೆರೆಯ ಹತ್ತಿಗಿರಣಿಯಲ್ಲಿ ದುಡಿದ ಹಿರಿಯರ ನೆನಪು ಇರಬಹುದು. ಇವೂ ಆಕರಗಳೇ. ಹೇಳಿದವರನ್ನು ಜಾನಪದ ಅಧ್ಯಯನದಲ್ಲಿ ವಕ್ತೃ ಎನ್ನುತ್ತಾರೆ. ಪ್ರಬಂಧದ ಕೊನೆಯಲ್ಲಿ ವಕ್ತೃಗಳ ಪಟ್ಟಿ ಬೇರೆಯೇ ಇರಲಿ: ಹೆಸರು, ವಯಸ್ಸು, ಊರು, ಕಸುಬು, ಮಾತಾಡಿಸಿದ ತಾರೀಖು. ಹೆಸರು ಹಾಕಲು ಮೊದಲೇ ಅವರ ಒಪ್ಪಿಗೆ ಕೇಳಿ. ಬೇಡ ಅಂದರೆ 'ವಕ್ತೃ 3, ಮಹಿಳೆ, ಜಗಳೂರು ತಾಲ್ಲೂಕು' ಎಂದಷ್ಟೇ ಬರೆಯಿರಿ. ಎಪಿಎ ಪ್ರಕಾರ ನೀವೇ ಮಾಡಿದ, ಬೇರೆಯವರಿಗೆ ಸಿಗದ ಸಂದರ್ಶನ ಕೊನೆಯ ಪಟ್ಟಿಗೆ ಬರುವುದಿಲ್ಲ. ಆದರೆ ಜಾನಪದದ ಕೆಲಸದಲ್ಲಿ ವಕ್ತೃಗಳ ಪಟ್ಟಿ ಇಲ್ಲದಿದ್ದರೆ ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ನೂರಾರು ಸಾಲು ನೆನಪಿಟ್ಟು ಹಾಡಿದ ಅಜ್ಜಿಯ ಹೆಸರು ಬಿಟ್ಟು 'ಕ್ಷೇತ್ರಕಾರ್ಯದಿಂದ' ಎಂದು ಬರೆಯುವುದು ನನಗಂತೂ ಸರಿ ಕಾಣುವುದಿಲ್ಲ. ಅವರು ಒಪ್ಪಿದ್ದರೆ ಹೆಸರು ಇರಲೇಬೇಕು.

ಜಿಲ್ಲೆಯ ಗಡಿ: 1997ಕ್ಕೆ ಮೊದಲಿನ ಆಕರಗಳಲ್ಲಿ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿವೆ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿ, ಹರಪನಹಳ್ಳಿ ಬಳ್ಳಾರಿಯಲ್ಲಿ. ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಮೇಲೆ ಹೇಳಿದ 19,45,497 ಅನ್ನುವ ಸಂಖ್ಯೆಯಲ್ಲಿ ಹರಪನಹಳ್ಳಿ ಸೇರಿದೆ. ಇವತ್ತಿನ ಜಿಲ್ಲೆಯ ಜೊತೆ ಅದನ್ನು ಹೋಲಿಸಿದರೆ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಅಂಕಿ ಕೊಡುವಾಗ ವರ್ಷ ಮತ್ತು 'ಆಗಿನ ಗಡಿಯಂತೆ' ಎಂಬ ಮಾತು ಜೊತೆಗಿರಲಿ.

ಹಂತ 8: ಒಬ್ಬರ ಮಾತು ಇನ್ನೊಬ್ಬರ ಪುಸ್ತಕದಲ್ಲಿ ಸಿಕ್ಕಾಗ

ನೀವು ಓದಿದ್ದು ಇತ್ತೀಚಿನ ಪುಸ್ತಕ. ಅದರಲ್ಲಿ ರೈಸ್ ಅವರ ಮಾತೊಂದನ್ನು ಎತ್ತಿ ಹೇಳಿದ್ದಾರೆ. ನೀವು ಸೀದಾ ರೈಸ್ ಎಂದು ಆಕರ ಕೊಡಬಾರದು, ಯಾಕೆಂದರೆ ರೈಸ್ ಅವರ ಪುಸ್ತಕವನ್ನು ನೀವು ನೋಡಿಲ್ಲ. ಸಾಧ್ಯವಾದರೆ ಮೂಲ ಹುಡುಕಿ. ಇಲ್ಲದಿದ್ದರೆ 'ರೈಸ್, ಉದ್ಧೃತ:' ಎಂದು ಬರೆದು ನೀವು ನಿಜವಾಗಿ ಓದಿದ ಪುಸ್ತಕದ ಹೆಸರು, ಪುಟ ಕೊಡಿ. ಕೊನೆಯ ಪಟ್ಟಿಯಲ್ಲಿ ಓದಿದ ಪುಸ್ತಕ ಮಾತ್ರ. ನಡುವಿನವರು ಪುಟ ಸಂಖ್ಯೆ ತಪ್ಪು ಬರೆದಿದ್ದರೆ, ಆ ತಪ್ಪು ನಿಮ್ಮ ಹೆಸರಿನಲ್ಲಿ ಮುಂದುವರಿಯುತ್ತದೆ.

ಎಐ ಚಾಟ್‌ಬಾಟ್‌ಗಳನ್ನು ಕೇಳಿ ಪಟ್ಟಿ ಮಾಡುವುದು ಇದಕ್ಕಿಂತ ಅಪಾಯ. ಅವು ಇಲ್ಲದ ಪುಸ್ತಕ, ಇಲ್ಲದ ಲೇಖನಗಳನ್ನು ನಿಜವಾದ ಲೇಖಕರ ಹೆಸರಿನಲ್ಲಿ ಕಟ್ಟಿಕೊಡುತ್ತವೆ. ನೋಡಲು ಅಚ್ಚುಕಟ್ಟಾಗಿರುತ್ತದೆ. ಗ್ರಂಥಾಲಯದಲ್ಲೋ ಜಾಲದಲ್ಲೋ ಕಣ್ಣಾರೆ ಕಾಣದ ಒಂದೇ ಒಂದು ಆಕರವೂ ನಿಮ್ಮ ಪಟ್ಟಿಯಲ್ಲಿ ಇರಬಾರದು.

ಹಂತ 9: ತಂತ್ರಾಂಶ ಮತ್ತು ಟೈಪಿಂಗ್

ಜೊಟೆರೊ ಎಂಬ ಉಚಿತ ತಂತ್ರಾಂಶವಿದೆ. ಪುಸ್ತಕದ ವಿವರ ಒಮ್ಮೆ ತುಂಬಿದರೆ ಸಾಕು, ವರ್ಡ್‌ನಲ್ಲಿ ಗುರುತು ಮತ್ತು ಕೊನೆಯ ಪಟ್ಟಿ ಎರಡನ್ನೂ ಅದೇ ಮಾಡುತ್ತದೆ. ಶೈಲಿ ಬದಲಿಸಬೇಕಾದರೆ ಒಂದು ಕ್ಲಿಕ್. ಕನ್ನಡ ಪುಸ್ತಕಗಳ ವಿವರವನ್ನು ಕೈಯಿಂದಲೇ ತುಂಬಿ. ಹೆಸರು ತುಂಬುವ ಜಾಗದಲ್ಲಿ ಎರಡು ಖಾನೆಯನ್ನು ಒಂದು ಖಾನೆ ಮಾಡಿಕೊಳ್ಳುವ ಅವಕಾಶವಿದೆ. ಕಾವ್ಯನಾಮಕ್ಕೆ, ಇಲಾಖೆಯ ಹೆಸರಿಗೆ ಅದು ಅನುಕೂಲ. ಪಟ್ಟಿ ಬಂದ ಮೇಲೆ ನಡುವೆ ಇಂಗ್ಲಿಷ್ ಪದಗಳು ಉಳಿದಿದ್ದರೆ 'ಮತ್ತು', 'ಸಂ.', 'ಪು.' ಎಂದು ತಿದ್ದಿ.

ಇದೆಲ್ಲ ಕೆಲಸ ಮಾಡಬೇಕಾದರೆ ಬರಹ ಯುನಿಕೋಡ್‌ನಲ್ಲಿರಬೇಕು. ಯುನಿಕೋಡ್ ಎಂದರೆ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳೂ ಓದಬಲ್ಲ ಅಕ್ಷರ ಸಂಕೇತ. ಡಿಟಿಪಿ ಸೆಂಟರ್‌ಗಳಲ್ಲಿ ಇವತ್ತಿಗೂ 'ನುಡಿ' ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಕೊಡುವವರಿದ್ದಾರೆ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇಂಗ್ಲಿಷ್ ಅಕ್ಷರ ಚಿಹ್ನೆಗಳಿರುತ್ತವೆ. ಅಂಥ ಕಡತ ಅಕಾರಾದಿಯಾಗಿ ಜೋಡಣೆಯಾಗುವುದಿಲ್ಲ, ಹುಡುಕಲು ಬರುವುದಿಲ್ಲ, ಹೋಲಿಕೆ ತಪಾಸಣೆಯೂ ಸರಿಯಾಗಿ ಆಗುವುದಿಲ್ಲ. ಟೈಪಿಂಗ್ ಕೊಡುವ ಮೊದಲ ದಿನವೇ "ಯುನಿಕೋಡ್‌ನಲ್ಲಿ ಬೇಕು" ಎಂದು ಹೇಳಿ. ಹಳೆಯದನ್ನು ಪರಿವರ್ತಕದಿಂದ ಬದಲಿಸಿದ್ದರೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಂದೊಂದಾಗಿ ನೋಡಿ. ಪುಟ ಸಂಖ್ಯೆ ಕೆಟ್ಟರೆ ಆಕರವೇ ಕೆಟ್ಟಂತೆ.

ಹಂತ 10: ನಿಯಮ ಏನು ಹೇಳುತ್ತದೆ

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಕೃತಿಚೌರ್ಯ ತಡೆಗೆ ನಿಯಮಾವಳಿ ತಂದಿತು. ಅದರ ಪ್ರಕಾರ ಪ್ರಬಂಧದಲ್ಲಿ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಆಕರ ಕೊಟ್ಟ ಉದ್ಧರಣ, ಕೊನೆಯ ಪಟ್ಟಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಈ ಲೆಕ್ಕಕ್ಕೆ ಬರುವುದಿಲ್ಲ. ಸತತ 14 ಪದಗಳವರೆಗಿನ ಸಾಮಾನ್ಯ ಮಾತುಗಳಿಗೂ ವಿನಾಯಿತಿ ಇದೆ.

ಈ ಶೇಕಡಾವಾರು ನೋಡಿ "ಶೇ. 9 ಬಂದಿದೆ, ಬಚಾವಾದೆ" ಅನ್ನುವವರಿದ್ದಾರೆ. ಯಂತ್ರ ಪದಗಳ ಹೋಲಿಕೆಯನ್ನು ಮಾತ್ರ ನೋಡುತ್ತದೆ. ಕದ್ದ ವಿಚಾರ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಮೌಖಿಕ ಪರೀಕ್ಷೆಯಲ್ಲಿ ಎದುರಿಗೆ ಕೂತವರು ಅದೇ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು, ಅವರ ಕಣ್ಣಿಗೆ ಬೀಳುತ್ತದೆ.

ಹಂತ 11: ಸಲ್ಲಿಸುವ ಮುಂಚೆ

ಪ್ರಿಂಟ್ ತೆಗೆಯಿರಿ. ಒಂದು ಕೈಯಲ್ಲಿ ಬರಹ, ಇನ್ನೊಂದು ಕೈಯಲ್ಲಿ ಕೊನೆಯ ಪಟ್ಟಿ. ಬರಹದೊಳಗಿನ ಪ್ರತಿ ಗುರುತಿಗೂ ಪಟ್ಟಿಯಲ್ಲಿ ಒಂದು ಟಿಕ್ ಹಾಕುತ್ತಾ ಹೋಗಿ. ಮುಗಿದ ಮೇಲೆ ಪಟ್ಟಿಯಲ್ಲಿ ಟಿಕ್ ಇಲ್ಲದೆ ಉಳಿದ ಪುಸ್ತಕಗಳು ಬರಹದಲ್ಲಿ ಎಲ್ಲೂ ಬಂದಿಲ್ಲ ಎಂದರ್ಥ. ಎಪಿಎ, ಎಂಎಲ್‌ಎ ಬಳಸಿದ್ದರೆ ಅವನ್ನು ತೆಗೆಯಿರಿ. ಕನ್ನಡದ ಕ್ರಮದಲ್ಲಿ ಬರೀ ಓದಿದ ಪುಸ್ತಕಗಳಿಗೂ ಜಾಗವಿದೆ, 'ಪೂರಕ ಓದು' ಎಂದು ಬೇರೆ ಮಾಡಿ. ಪಟ್ಟಿ ಉದ್ದವಾಗಲಿ ಎಂದು ಓದದ ಪುಸ್ತಕ ಸೇರಿಸಬೇಡಿ. ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆ ಬರುವುದು ಸರಿಯಾಗಿ ಆ ಪುಸ್ತಕದ ಮೇಲೇ.

ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇದೆಯೇ ನೋಡಿ. ಕಲಬುರ್ಗಿ, ಕಲ್ಬುರ್ಗಿ ಎರಡೂ ಬಂದಿದ್ದರೆ ಪುಸ್ತಕದ ಮೇಲಿರುವಂತೆ ಒಂದಕ್ಕೆ ತನ್ನಿ. ವರ್ಷಗಳು ಹೊಂದುತ್ತವೆಯೇ ನೋಡಿ. ಕೊಂಡಿಗಳನ್ನು ಒಂದೊಂದಾಗಿ ತೆರೆದು ನೋಡಿ. ಕೊನೆಗೆ ಐದಾರು ಉದ್ಧರಣಗಳನ್ನು ಆರಿಸಿ, ಪಟ್ಟಿಯ ಜೊತೆ ಸ್ನೇಹಿತರೊಬ್ಬರ ಕೈಗೆ ಕೊಟ್ಟು ಗ್ರಂಥಾಲಯಕ್ಕೆ ಕಳಿಸಿ. ನೀವು ಜೊತೆಗೆ ಹೋಗಬೇಡಿ. ಅವರು ಆ ಪುಟಗಳನ್ನು ತಾವೇ ಹುಡುಕಿ ತಂದರೆ ಪ್ರಬಂಧವನ್ನು ಬೈಂಡಿಂಗ್‌ಗೆ ಕೊಡಬಹುದು.